ಹೆಲ್ಸಿಂಗ್‌ಬೋರ್ಯ್‌ಗೆ ಯಾಕೆ ಅಗಲದ ಸ್ಕೀ?

ಆ ಚಳಿಗಾಲ ಪೂರ್ತಿ ನಿವೇದಿತಾಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದ ಆಫೀಸಿನಲ್ಲಿ ಫಿಕಾ ಎಂಬ ಬಿಡುವಿಗೆಂದು ಎಲ್ಲರೂ ಕಾಫಿ ಹಿಡಿದು ಹರಟುತ್ತ ಕೂತರೆ ಇವಳೊಬ್ಬಳು ಕಿಟಕಿಯ ಬಳಿ ನಿಂತೇ ಕುಡಿಯುವಳು. ಮೀಟಿಂಗಿನಲ್ಲಿ ಮೇಜಿನಡಿ ಫೋನ್ ಹಿಡಿದು, ಹಿಮದ ಮೇಲೆ ಜಾರುವ ಸ್ಕೀಗಳ ಚಿತ್ರ ನೋಡುವಳು. ಮನೆಗೆ ಬಂದರೆ ಕುಕ್ಕರ್ ಇಟ್ಟು, ಅದು ಕೂಗುವಷ್ಟರೊಳಗೆ ಇನ್ನೊಂದು ವಿಡಿಯೊ. ತಲೆಗೆ ಹೊಕ್ಕ ಹುಳ ಒಂದೇ. ಅಗಲದ ಸ್ಕೀ ಬೇಕು. ಆದರೆ ಎಷ್ಟು ಅಗಲ?

ಹುಳ ಹೊಕ್ಕಿದ್ದು ಹಿಂದಿನ ವರ್ಷ. ರಾಜಾಜಿನಗರದಲ್ಲಿ ಹುಟ್ಟಿ ಬೆಳೆದು, ಐಸನ್ನು ಕಬ್ಬಿನ ಹಾಲಿನ ಲೋಟದಲ್ಲಷ್ಟೇ ಕಂಡಿದ್ದವಳು ಸ್ವೀಡನ್ನಿಗೆ ಬಂದ ಎರಡನೇ ಚಳಿಗಾಲದಲ್ಲಿ ಸ್ಕೀ ಕಲಿತಿದ್ದಳು. ಬಿದ್ದಳು, ಎದ್ದಳು, ಮೊಣಕೈ ಜಜ್ಜಿಕೊಂಡಳು, ಬಿಡಲಿಲ್ಲ. ಯಂತ್ರ ಓಡಿಸಿ ಹದಮಾಡಿದ ಇಳಿಜಾರುಗಳು ಸಲೀಸಾದ ಮೇಲೆ, ಜೊತೆಯಲ್ಲಿ ಕೆಲಸ ಮಾಡುವ ಆನಿಕಾ ಅವಳನ್ನು ಉತ್ತರದ ಬೆಟ್ಟಗಳಿಗೆ ಕರೆದುಕೊಂಡು ಹೋದಳು. ಅಲ್ಲಿ ಲಿಫ್ಟ್ ಇಲ್ಲ, ದಾರಿಯೂ ಇಲ್ಲ. ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಒರಟು ಪಟ್ಟಿ ಅಂಟಿಸಿಕೊಂಡು ತಾವೇ ಹತ್ತಬೇಕು. ಮೇಲೆ ಹೋಗಿ ಪಟ್ಟಿ ಕಿತ್ತು ಚೀಲಕ್ಕೆ ತುರುಕಿ, ಯಾರೂ ತುಳಿಯದ ಹಿಮದಲ್ಲಿ ಇಳಿಯಬೇಕು. ಅಕ್ಕಿಹಿಟ್ಟಿನಂಥ ಆ ಪುಡಿಹಿಮದಲ್ಲಿ ನಿವೇದಿತಾಳ ಕಿರಿದಾದ ಸ್ಕೀಗಳು ಮುಳುಗಿದವು. ಹಿಂದೆಯೇ ಅವಳೂ ಸೊಂಟದವರೆಗೆ ಮುಳುಗಿದಳು. ಕಣ್ಣೊರೆಸಿಕೊಂಡು ನೋಡಿದರೆ ಆನಿಕಾ ತನ್ನ ಅಗಲದ ಸ್ಕೀಗಳ ಮೇಲೆ ಹೊಳೆಯ ದೋಣಿಯ ಹಾಗೆ ಸದ್ದಿಲ್ಲದೆ ತೇಲಿ ಹೋಗುತ್ತಿದ್ದಳು. ಅದನ್ನು ನೋಡಿದ ಮೇಲೆ ನಿವೇದಿತಾಗೆ ಉಳಿದದ್ದೆಲ್ಲ ಸಪ್ಪೆಯಾಯಿತು.

ಇದರ ನಡುವೆ ಅವಳ ಗಂಡ ಚಿರಂತನ್‌ಗೆ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ದೇಶದ ದಕ್ಷಿಣ ತುದಿಯ ಬಂದರು ಅದು; ಚಳಿಗಾಲವೆಂದರೆ ಗಾಳಿ, ಮಳೆ, ಮತ್ತೆ ಗಾಳಿ. ಅವನು ಮೊದಲು ಹೋಗಿ ಮನೆ ಹಿಡಿಯುವುದು, ಇವಳು ಅಲ್ಲೇ ಕೆಲಸ ಹುಡುಕಿಕೊಂಡು ಹಿಂದೆ ಬರುವುದು ಎಂದು ಮಾತಾಗಿತ್ತು. ಅವನು ಹೋದ, ಮನೆ ಹಿಡಿದ, ಸಮುದ್ರ ಕಾಣುವ ಬಾಲ್ಕನಿಯ ಫೋಟೊ ಕಳಿಸಿದ. "ಸೂಪರ್" ಅಂದಳು ನಿವೇದಿತಾ. ಹೋಗಲಿಲ್ಲ. ದಸರಾ ಕಳೆಯಲಿ ಎಂದಳು, ಆಫೀಸಿನ ಸಾಫ್ಟ್‌ವೇರ್ ರಿಲೀಸ್ ಮುಗಿಯಲಿ ಎಂದಳು. ಆಮೇಲೆ ಅವನು ಕೇಳುವುದನ್ನೂ ಬಿಟ್ಟ.

ಫೋನಿನಲ್ಲಿ ಸ್ಕೀ ವಿಷಯ ಮಾತ್ರ ಕೇಳುತ್ತಿದ್ದ.

"ಡಿಸೈಡ್ ಆಯ್ತಾ?"

"ಕಾಲ ಕೆಳಗೆ ನೂರಾ ಹದಿನೈದು ಮಿಲಿಮೀಟರ್ ಅಗಲ ಇದ್ರೆ ಪೌಡರ್‌ನಲ್ಲಿ ಸ್ವರ್ಗನೇ. ಆದ್ರೆ ಹತ್ತೋವಾಗ ಭಾರ ಕಣೋ. ತೊಂಬತ್ತೆಂಟಾದ್ರೆ ಹಗುರ, ಗಟ್ಟಿ ಹಿಮದಲ್ಲೂ ಕಚ್ಕೊಳ್ಳತ್ತೆ. ಆದ್ರೆ ತೇಲೋದು ಕಮ್ಮಿ."

"ನಿವಿ, ಹೆಲ್ಸಿಂಗ್‌ಬೋರ್ಯ್‌ಗೆ ಯಾಕೆ ಅಗಲದ ಸ್ಕೀ? ಸಮುದ್ರದ ಮೇಲೆ ಓಡಿಸ್ತೀಯಾ?"

ಅವಳು ನಕ್ಕಳು. ಆ ಕಡೆಯಿಂದ ನಗು ಬರಲಿಲ್ಲ.

ಮಾರ್ಚ್ ಮೊದಲಲ್ಲಿ ಆನಿಕಾಳೇ ಒಂದು ದಾರಿ ತೋರಿಸಿದಳು. "ವಿಡಿಯೊ ನೋಡಿದ್ದು ಸಾಕು. ಎರಡೂ ಜೊತೆ ಬಾಡಿಗೆಗೆ ತಗೋ. ಬೆಟ್ಟದಲ್ಲಿ ಒಂದೊಂದು ದಿನ ಹಾಕಿ ನೋಡು." ನಿವೇದಿತಾ ಒಪ್ಪಿದಳು. ಅವಳು ಎಣಿಸದೇ ಇದ್ದದ್ದು ಏನೆಂದರೆ, ಚಳಿ ಎಂದರೆ ಮುಖ ಸಿಂಡರಿಸುವ ಚಿರಂತನ್ ತಾನೂ ಬರುತ್ತೇನೆ ಎಂದದ್ದು.

"ನೀನು ಅಲ್ಲಿ ಏನ್ ಮಾಡ್ತೀಯೋ?"

"ನೋಡ್ತೀನಿ. ಅಷ್ಟೊಂದು ಏನಿದೆ ಅಲ್ಲಿ ಅಂತ."

ಮೂವರೂ ಓರೆ ಎಂಬ ಊರಿನಲ್ಲಿ ರೈಲಿಳಿದರು. "ಹೆಸರಿಗೆ ತಕ್ಕ ಊರು," ಎಂದ ಚಿರಂತನ್, ಬೀದಿ ಬೀದಿಯೂ ಬೆಟ್ಟಕ್ಕೆ ವಾಲಿಕೊಂಡಿದ್ದನ್ನು ನೋಡಿ. ನಿವೇದಿತಾಗೆ ಅದು ಕೇಳಿಸಲೇ ಇಲ್ಲ. ಅವಳ ಕಣ್ಣೆಲ್ಲ ಮೇಲಿತ್ತು. ಆನಿಕಾಳ ಮಾವನ ಮರದ ಗುಡಿಸಲು ಊರಿನಾಚೆಯ ಬರ್ಚ್ ಕಾಡಿನಲ್ಲಿತ್ತು; ಸಾಮಾನು ಒಳಗಿಟ್ಟದ್ದೇ ತಡ, "ಹೊರಡೋಣ್ವಾ?" ಎಂದಳು ನಿವೇದಿತಾ. ಆನಿಕಾ ಇನ್ನೂ ಒಲೆ ಹಚ್ಚುತ್ತಿದ್ದಳು.

ಮೊದಲು ತೊಂಬತ್ತೆಂಟು ಮಿಲಿಮೀಟರಿನ ಜೋಡಿ ಹಾಕಿದಳು. ಹತ್ತುವುದು ನಿಜಕ್ಕೂ ಸಲೀಸಾಗಿತ್ತು. ಕಾಲು ತಂತಾನೇ ಮುಂದೆ ಹೋಗುತ್ತಿತ್ತು, ಉಸಿರು ಒಂದೇ ಲಯದಲ್ಲಿತ್ತು. ಇಳಿಯುವಾಗ ಮೊಣಕಾಲಿನವರೆಗೆ ಹಿಮ ಏರಿದರೂ ತಿರುಗಿಸಿದಲ್ಲಿ ಸ್ಕೀ ತಿರುಗಿತು. ಆನಿಕಾ ಹೆಬ್ಬೆರಳೆತ್ತಿ ತೋರಿಸಿದಳು. ಚೆನ್ನಾಗಿತ್ತು, ಇಲ್ಲವೆನ್ನಲು ಕಾರಣವಿರಲಿಲ್ಲ. ಆದರೂ ನಿವೇದಿತಾಳ ಮನಸ್ಸು ಗುಡಿಸಲಿನ ಗೋಡೆಗೆ ಒರಗಿಸಿಟ್ಟಿದ್ದ ಇನ್ನೊಂದು ಜೊತೆಯ ಮೇಲೆಯೇ ಇತ್ತು.

ಮರುದಿನ ಬೆಳಿಗ್ಗೆ ಎದ್ದರೆ ಹೊಸ ಹಿಮ ಬಿದ್ದು ಕಿಟಕಿಯ ಅರ್ಧ ಮುಚ್ಚಿತ್ತು. ಅವಳಿಗೆ ಉಪ್ಪಿಟ್ಟು ಗಂಟಲಿಗಿಳಿಯಲಿಲ್ಲ. ಅಗಲದ ಸ್ಕೀ ಕಟ್ಟಿಕೊಂಡು ಹೊರಬಿದ್ದಳು. ಈ ಸಲ ಚಿರಂತನ್ ಕೂಡ ಹೊರಟ. ಹಿಮದಲ್ಲಿ ಹೂತುಹೋಗದ ಹಾಗೆ ಬೂಟಿಗೆ ಕಟ್ಟುವ ಬುಟ್ಟಿಯಂಥ ಪಾದುಕೆ ಬಾಡಿಗೆಗೆ ತಂದಿದ್ದ. ಬಾತುಕೋಳಿಯ ಹಾಗೆ ಕಾಲಗಲಿಸಿ ಹಿಂದೆ ಬಂದ.

ಹತ್ತುವುದೇ ಹರಸಾಹಸವಾಯಿತು. ಒಂದೊಂದು ಕಾಲಿಗೂ ಒದ್ದೆ ಗೋಣಿಚೀಲ ಕಟ್ಟಿಕೊಂಡ ಹಾಗೆ. ಗಾಳಿಗೆ ಹಿಮ ಗಟ್ಟಿಯಾಗಿದ್ದ ಇಳಿಜಾರಿನಲ್ಲಿ ಅಷ್ಟಗಲದ ಸ್ಕೀಯ ಅಂಚು ಕಚ್ಚಿಕೊಳ್ಳಲೊಲ್ಲದು. ಹೆಜ್ಜೆಹೆಜ್ಜೆಗೆ ಕಣಕಾಲು ಹೊರಳಿ ನೋವೆದ್ದಿತು. ಆನಿಕಾ ಮುಂದೆ ಹೋಗಿ ಕಾದಳು. ಕೊನೆಗೆ ಬುಟ್ಟಿ ಪಾದುಕೆಯ ಚಿರಂತನ್ ಸಹ ಇವಳನ್ನು ದಾಟಿಹೋದ. "ಬೇಕಾ ಇದು?" ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು ಎಂದುಕೊಂಡಳು.

ದಿಣ್ಣೆಯ ನೆತ್ತಿ ತಲುಪಿದಾಗ ಆಚೆ ಬದಿ ಕಂಡಿತು. ಹೆಜ್ಜೆಗುರುತಿಲ್ಲದ, ದುಂಡಗೆ ಉಬ್ಬಿದ ದೊಡ್ಡ ಇಳಿಜಾರು. ಬಿಸಿಲಿಗೆ ಮಿರುಗುತ್ತಿತ್ತು. ನಿವೇದಿತಾ ಕೂಡಲೇ ಬಗ್ಗಿ ಸ್ಕೀಯ ಪಟ್ಟಿಗಳನ್ನು ಪರಪರನೆ ಕಿತ್ತಳು.

ಆನಿಕಾ ಸಲಿಕೆ ತೆಗೆದು ಅಂಚಿಗೆ ಸ್ವಲ್ಪ ಈಚೆಗೆ ಹಿಮ ಅಗೆದಳು. ಕಡಿದ ಹಿಮದ ಗೋಡೆಯನ್ನು ಸಲಿಕೆಯಿಂದ ತಟ್ಟಿದಳು. ಮೇಲಿನ ಪದರ ಕೆಳಗಿನದರಿಂದ ಬಿಡಿಸಿಕೊಂಡು ಹಲಗೆಯ ಹಾಗೆ ಜಾರಿ ಬಂತು.

"ಗಾಳಿ ಹಿಮವನ್ನೆಲ್ಲ ಈ ಕಡೆ ತಂದು ಪೇರಿಸಿದೆ," ಎಂದಳು. "ಇದು ಕೂತಿಲ್ಲ, ಕಾಲಿಟ್ಟರೆ ಇಡೀ ಇಳಿಜಾರೇ ಕುಸಿದು ಬರಬಹುದು. ಇವತ್ತು ಬೇಡ. ಬಂದ ಕಡೆಯೇ ಇಳಿಯೋಣ."

"ಬಂದ ಕಡೆ ಬರೀ ಗಟ್ಟಿ ಹಿಮ," ಎಂದಳು ನಿವೇದಿತಾ. "ಇಷ್ಟು ಭಾರ ಎಳೆದುಕೊಂಡು ಬಂದದ್ದು ಇದಕ್ಕೇ ತಾನೇ? ಈ ಸ್ಕೀ ತೇಲುತ್ತೆ. ಅಷ್ಟು ಆಳಕ್ಕೆ ಹೋಗೋದೇ ಇಲ್ಲ."

"ತೇಲಿದರೂ ನಿನ್ನ ಭಾರ ಅದರ ಮೇಲೇ ಇರುತ್ತೆ. ಅಗಲ ಇದ್ದರೆ ಧೈರ್ಯ ಜಾಸ್ತಿ ಬರುತ್ತೆ, ಅಷ್ಟೇ."

ಆನಿಕಾ ಸಲಿಕೆ ಮಡಚಲು ತಿರುಗಿದಳು. ನಿವೇದಿತಾ ಅಂಚಿನವರೆಗೆ ಹೋಗಿ ನೋಡುವುದೆಂದುಕೊಂಡಳು, ಬರೀ ನೋಡುವುದು. ಅಂಚು ದಾಟಿದ್ದು ಯಾವಾಗ ಎಂದು ಅವಳಿಗೂ ಗೊತ್ತಾಗಲಿಲ್ಲ. ಸ್ಕೀ ಕೆಳಗೆ ಹಿಮ ಮೆತ್ತಗಾಯಿತು, ಹಗುರಾಯಿತು. ಒಂದು ಕ್ಷಣ ಅವಳು ತೇಲಿದಳು.

ಆಗ ಕಾಲಡಿಯಲ್ಲಿ "ಧುಪ್" ಎಂದಿತು. ಕಿವಿಗಿಂತ ಹೊಟ್ಟೆಗೆ ಕೇಳಿಸುವಂಥ ಸದ್ದು. ಸ್ಕೀಯ ತುದಿಯಿಂದ ಒಂದು ಬಿರುಕು ಹೊರಟು, ಬಟ್ಟೆ ಹರಿದ ಹಾಗೆ, ಇಳಿಜಾರಿನ ಆಚೆ ತುದಿಯತ್ತ ಓಡಿತು.

"ನಿವೀ!" ಚಿರಂತನ್‌ನ ಕೂಗು. ಅವನು ಎರಡು ಹೆಜ್ಜೆ ಓಡಿಬಂದಿದ್ದ. ಆನಿಕಾ ಅವನ ಚೀಲ ಹಿಡಿದು ಎಳೆದು ನಿಲ್ಲಿಸಿದಳು.

"ನೀವು ಅಲ್ಲೇ ನಿಲ್ಲಿ. ನಿವೇದಿತಾ, ಕೆಳಗೆ ನೋಡಬೇಡ. ಅಡ್ಡಡ್ಡ ಹೆಜ್ಜೆ ಇಟ್ಟು, ಬಂದ ಗುರುತಿನ ಮೇಲೇ ಮೇಲಕ್ಕೆ ಬಾ. ನಿಧಾನ."

ಭಾರದ ಸ್ಕೀಗಳನ್ನು ಒಂದೊಂದಾಗಿ ಎತ್ತಿ, ಬಂದ ಗುರುತಿನೊಳಗೇ ಇಡುತ್ತ ಅವಳು ಹತ್ತಿದಳು. ಅಂಚಿಗೆ ಬಂದಾಗ ಚಿರಂತನ್ ಅವಳ ಜಾಕೆಟ್ಟಿನ ಕಾಲರ್ ಹಿಡಿದು ಮೇಲಕ್ಕೆಳೆದ. ಬಹಳ ಹೊತ್ತು ಬಿಡಲಿಲ್ಲ. ಇಳಿಜಾರು ಕುಸಿಯಲಿಲ್ಲ, ಬಿರುಕು ಬಿಟ್ಟುಕೊಂಡು ಹಾಗೆಯೇ ಬಿಸಿಲಿಗೆ ಮಿರುಗುತ್ತ ಬಿದ್ದಿತ್ತು. ಅದು ಅವಳಿಗೆ ಇನ್ನೂ ಹೆದರಿಕೆ ತಂದಿತು.

ಬಂದ ದಾರಿಯಲ್ಲೇ ಇಳಿದರು. ಗುಡಿಸಲಿನಲ್ಲಿ ಆನಿಕಾ ಒಂದೇ ಮಾತು ಹೇಳಿದಳು: "ಇನ್ನೊಮ್ಮೆ ಹೀಗೆ ಮಾಡಿದರೆ ನಾನು ನಿನ್ನ ಜೊತೆ ಬರಲ್ಲ." ಆಮೇಲೆ ಸೌದೆ ತರಲು ಹೊರಗೆ ಹೋದಳು, ಬೇಕೆಂದೇ ತಡಮಾಡಿದಳು.

ಒಲೆಯ ಮುಂದೆ ಇಬ್ಬರೇ. ನಿವೇದಿತಾ ಚಹಾದ ಲೋಟ ಹಿಡಿದಿದ್ದಳು.

"ಸಾರಿ ಕಣೋ."

"ನಂಗೆ ಸಾರಿ ಬೇಡ." ಚಿರಂತನ್ ಬೆಂಕಿಯನ್ನೇ ನೋಡುತ್ತಿದ್ದ. "ಒಂದು ಹೇಳು. ನೀನು ಹೆಲ್ಸಿಂಗ್‌ಬೋರ್ಯ್‌ಗೆ ಬರ್ತೀಯಾ, ಇಲ್ವಾ? ಆರು ತಿಂಗಳಿಂದ ಸ್ಕೀ ಅಗಲ ಎಷ್ಟು ಅಂತ ಕೇಳ್ತಿದೀನಿ. ಇದನ್ನ ಕೇಳೋಕೆ ಧೈರ್ಯ ಇರಲಿಲ್ಲ."

ಅವಳು ಲೋಟ ಕೆಳಗಿಟ್ಟಳು. "ಬರಲ್ಲ," ಎಂದಳು. ಹೇಳಿದ ಮೇಲೆ ಅಳು ಬಂತು. "ನಿನ್ನ ಬಿಟ್ಟು ಇರಬೇಕು ಅಂತ ಅಲ್ಲ. ನಂಗೆ ಇಲ್ಲಿ ಏನೋ ಶುರುವಾಗಿದೆ ಚಿರು. ಈ ಹಿಮ, ಈ ಬೆಟ್ಟ... ಮೂವತ್ತೈದು ವರ್ಷಕ್ಕೆ ಮೊದಲ ಸಲ ಒಂದು ವಿಷಯ ಬರೀ ನಂದೇ ಅನ್ನೋ ಹಾಗಿದೆ. ಅಲ್ಲಿಗೆ ಬಂದ್ರೆ ನಿನ್ನ ಮೇಲೇ ಸಿಡಿಮಿಡಿ ಮಾಡ್ತೀನಿ."

"ಅದನ್ನ ಫೋನಲ್ಲೇ ಹೇಳಿದ್ರೆ ನಾನು ಕೋಪ ಮಾಡ್ಕೊಂಡು ಎರಡು ದಿನಕ್ಕೆ ಸರಿ ಹೋಗ್ತಿದ್ದೆ. ಇವತ್ತು ಅಲ್ಲಿ ನಿಂತು ನೋಡೋ ಹಾಗೆ ಮಾಡಿದೆ." ಕೈ ಚಾಚಿ ಅವಳ ಒದ್ದೆ ಕೂದಲು ಸರಿಸಿದ. ಕೋಪ ಹೋಗಿರಲಿಲ್ಲ, ಕೈ ಮಾತ್ರ ಅಲ್ಲೇ ಇತ್ತು.

ಅವತ್ತು ಎಲ್ಲವೂ ತೀರ್ಮಾನವಾಗಲಿಲ್ಲ. ತಂತಮ್ಮ ಊರಿಗೆ ಮರಳಿದ ಮೇಲೂ ವಾರಗಟ್ಟಲೆ ಚರ್ಚೆ, ಮುನಿಸು, ಮತ್ತೆ ಚರ್ಚೆ. ಕೊನೆಗೆ ಚಿರಂತನ್ ಕೈಲಿರುವ ಪ್ರಾಜೆಕ್ಟ್ ಮುಗಿಸಿ ಸ್ಟಾಕ್‌ಹೋಮ್ ಕಡೆ ಕೆಲಸ ನೋಡುವುದು, ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಕೂತು ಮಾತಾಡುವುದು ಎಂದಾಯಿತು. ಇಬ್ಬರಿಗೂ ಪೂರಾ ಸಮಾಧಾನವಿಲ್ಲ. ಆದರೆ ಈಗ ಫೋನಿನಲ್ಲಿ ಸುಳ್ಳು ನಗು ಇರಲಿಲ್ಲ.

ಏಪ್ರಿಲ್‌ನಲ್ಲಿ ನಿವೇದಿತಾ ಅಂಗಡಿಗೆ ಹೋದಳು. ದಿನದ ಹೆಚ್ಚಿನ ಪಾಲು ಹತ್ತುವುದರಲ್ಲೇ ಕಳೆಯುತ್ತದೆ, ಇಳಿಯುವುದು ಕಣ್ಣುಮುಚ್ಚಿ ತೆಗೆಯುವಷ್ಟು ಹೊತ್ತು ಎಂದು ಅವಳ ಕಣಕಾಲಿಗೆ ಚೆನ್ನಾಗಿ ಗೊತ್ತಾಗಿತ್ತು. ನಡುವಿನದು, ನೂರಾ ನಾಲ್ಕು ಮಿಲಿಮೀಟರಿನ ಹಗುರ ಜೋಡಿ ಆರಿಸಿದಳು. ಬೂಟು ಸಿಕ್ಕಿಸುವ ಕೀಲುಗಳನ್ನು ಕೂರಿಸಲು ಸ್ಕೀಗೆ ರಂಧ್ರ ಕೊರೆಯಬೇಕಿತ್ತು. ಅಂಗಡಿಯವಳು ಕೇಳಿದಳು: "ಕೊರೆದ ಮೇಲೆ ವಾಪಸ್ ತಗೊಳ್ಳಲ್ಲ. ಗಟ್ಟಿ ತಾನೇ?"

ನಿವೇದಿತಾ ಒಂದು ನಿಮಿಷ ಎಂದು ಹೊರಗೆ ಹೋಗಿ ಚಿರಂತನ್‌ಗೆ ಫೋನ್ ಮಾಡಿದಳು. ವಿಷಯ ಹೇಳಿದಳು. ಆ ಕಡೆ ಗಾಳಿಯ ಸದ್ದು. ಅವನು ಬಂದರಿನ ದಡದಲ್ಲಿ ನಡೆಯುತ್ತಿದ್ದ.

"ಕೊರೆಸು," ಎಂದ ಅವನು. "ಆಮೇಲೆ ನಂಗೂ ಒಂದು ಸಲ ಕಲಿಸು. ಬಾತುಕೋಳಿ ತರ ನಡೆದದ್ದು ಸಾಕು."

ಅವಳು ಒಳಗೆ ಹೋಗಿ ಕೊರೆಯಿರಿ ಎಂದಳು. ಯಂತ್ರ ಗುರ್ರೆನ್ನುವಾಗ ಪಕ್ಕದಲ್ಲಿ ಕುರ್ಚಿ ಇದ್ದರೂ ಅವಳು ಕೂರಲಿಲ್ಲ.