ಸೌಮ್ಯ ಒಪ್ಪಬೇಕಿತ್ತು

"ನಾನು ಬರಲ್ಲ," ಎಂದಳು ಸೌಮ್ಯ. ವಾರ್ಡನ್ ವತ್ಸಲಾ ಅವರ ಹಿಂದೆ ನಿಂತು, ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಎದುರಿಗೆ ಕೂತಿದ್ದವಳು ಅವಳ ಅಜ್ಜಿ ಮುನಿಯಕ್ಕ. ಮೊಮ್ಮಗಳನ್ನು ಕರೆದೊಯ್ಯಲೆಂದು ಹೆಬ್ಬಗೋಡಿಯಿಂದ ಜಿಗಣಿಯ ಈ ಮಕ್ಕಳ ಆಶ್ರಮಕ್ಕೆ ಬಂದಿದ್ದಳು. ಮಗಳು ತೀರಿಕೊಂಡ ಮೇಲೆ ಕೂಸು ಅವಳ ಪಾಲಿಗೆ ಬಂದಿತ್ತು. ಅವಳಿಗೋ ಕಂಪನಿಯೊಂದರಲ್ಲಿ ದಿನವಿಡೀ ನೆಲ ಒರೆಸುವ ಕೆಲಸ. ಎರಡು ವರ್ಷದ ಹಿಂದೆ ಸೌಮ್ಯಳನ್ನು ತಾನೇ ತಂದು ಇಲ್ಲಿ ಬಿಟ್ಟಿದ್ದಳು.

ಪಕ್ಕದಲ್ಲಿ ಸುಕೃತಿ ಕೂತಿದ್ದಳು. ಆಶ್ರಮಗಳಲ್ಲಿರುವ ಮಕ್ಕಳಲ್ಲಿ ಯಾರ್ಯಾರು ನೆಂಟರ ಮನೆಯಲ್ಲೇ ಬೆಳೆಯಬಹುದಿತ್ತು ಎಂದು ಸಂಶೋಧನೆ ಮಾಡುತ್ತಿದ್ದ ಹುಡುಗಿ. "ಯಾರಾದ್ರೂ ಒಂಚೂರು ಜೊತೆಗೆ ನಿಂತಿದ್ರೆ ಮಗೂನ ನೀವೇ ಇಟ್ಕೋತಿದ್ರಾ, ಅಜ್ಜಿ?" ಎಂದು ಅವಳು ಕೇಳಿದ ದಿನ ಮುನಿಯಕ್ಕ ಅತ್ತುಬಿಟ್ಟಿದ್ದಳು. ಮಾರನೆಯ ದಿನವೇ, ತನಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಭಾಗ್ಯಮ್ಮನ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿದ್ದಳು. ಸ್ಕೂಲ್ ಬಿಟ್ಟ ಮೇಲೆ ಮಗು ನಮ್ಮನೇಲೇ ಇರಲಿ ಎಂದು ಭಾಗ್ಯಮ್ಮ ಒಪ್ಪಿದ್ದರು. ಮಗುವನ್ನು ಮನೆಗೆ ಕಳಿಸಲು ಮಕ್ಕಳ ಕಲ್ಯಾಣ ಸಮಿತಿಯವರೂ ಒಪ್ಪಿದ್ದರು.

"ಬಲವಂತ ಮಾಡಿ ಕಳ್ಸಕ್ಕಾಗಲ್ಲ," ಎಂದರು ವತ್ಸಲಾ.

"ಯಾಕವ್ವಾ? ನಾನು ನಿನ್ನಜ್ಜಿ ಅಲ್ವೇನೆ?"

"ನೀನು ಬೀಗ ಹಾಕ್ಕೊಂಡು ಹೋಗ್ತೀಯ."

ಸುಕೃತಿ ತಟ್ಟನೆ ಮುನಿಯಕ್ಕನ ಕಡೆ ತಿರುಗಿದಳು. ಈ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಇಲ್ಲ ಅಂದುಬಿಡಬಹುದಿತ್ತು. ನಿಜ ಹೇಳಿದರೆ ಸಮಿತಿಯವರು ಕೊಟ್ಟ ಒಪ್ಪಿಗೆಯನ್ನೇ ವಾಪಸ್ ತೆಗೆದುಕೊಂಡರೆ? ಮುನಿಯಕ್ಕ ವತ್ಸಲಾ ಅವರ ಕಡೆ ತಿರುಗಿದಳು.

"ಊಂ, ಆಕ್ತಿದ್ದೆ," ಎಂದಳು. "ಎಲ್ಲಿ ರೋಡಿಗೆ ಓಗ್ಬುಡ್ತಾಳೋ ಅಂತ ಆಚೆಯಿಂದ ಬೀಗ ಆಕಿ ಕೆಲ್ಸಕ್ಕೆ ಓಗ್ತಿದ್ದೆ, ಮೇಡಂ. ಒಂದಿನ ಪಕ್ಕದ ರೂಮಿಗೆ ಬೆಂಕಿ ಬಿತ್ತು. ಒಗೆಯೆಲ್ಲಾ ನಮ್ಮನೆ ಒಳಕ್ಕೆ ತುಂಬ್ಕೊಂಡ್ತು. ಜನ ಬಾಗ್ಲು ಒಡ್ದು ಇದನ್ನ ಎತ್ಕೊಂಡ್ ಬಂದ್ರು. ನಾ ಬರೋ ಒತ್ಗೆ ಇದು ಅಳ್ತಾನೂ ಇರ್ಲಿಲ್ಲ. ಎದ್ರಿ ಇಲ್ಲಿಗೆ ತಂದ್ಬುಟ್ಟೆ."

"ನಾನು ಕೂಗ್ದೆ," ಎಂದಳು ಸೌಮ್ಯ. "ನೀನು ಬರ್ಲಿಲ್ಲ."

"ಊಂ ಕಣವ್ವಾ. ಬರ್ಲಿಲ್ಲ."

 ಇನ್ನು ಸ್ಕೂಲ್ ಬಿಟ್ಟ ಮೇಲೆ ಭಾಗ್ಯಮ್ಮನ ಮನೆಯಲ್ಲೇ ಇರಬಹುದು ಎಂದು ಸುಕೃತಿ ಸೌಮ್ಯಳಿಗೆ ಹೇಳಿದಳು.

"ಭಾಗ್ಯಮ್ಮಜ್ಜಿ ಮನೆ ಬಾಗ್ಲು ತೆಗ್ದೇ ಇರತ್ತಾ?" ಎಂದು ಸೌಮ್ಯ ಅಜ್ಜಿಯನ್ನು ಕೇಳಿದಳು.

"ಒತ್ತಾರೆ ತೆಗುದ್ರೆ ಮಲಗೋವರ್ಗೂ ತೆಗ್ದೇ ಇರ್ತದೆ. ಕೋಳಿಗಳೆಲ್ಲಾ ಒಳಕ್ಕೆ ಬಂದು ಓಡಾಡ್ತವೆ."

ಸೌಮ್ಯಳ ಬೆರಳುಗಳು ಕುರ್ಚಿಯಿಂದ ಸಡಿಲವಾದವು. "ನೋಡ್ಕೊಂಡು ಬರ್ತೀನಿ," ಎಂದಳು ವತ್ಸಲಾ ಅವರಿಗೆ. "ನನ್ ಹಾಸಿಗೆ ಯಾರಿಗೂ ಕೊಡ್ಬೇಡಿ, ಮಿಸ್."

"ಭಾನುವಾರದವರೆಗೂ ಇದ್ದು ನೋಡ್ಲಿ ಮೇಡಂ. ನಾನು ದಿನಾ ಹೋಗಿ ಬರ್ತೀನಿ," ಎಂದಳು ಸುಕೃತಿ. ವತ್ಸಲಾ ಒಪ್ಪಿ ತಲೆಯಾಡಿಸಿದರು.

ಬಸ್ಸಿನಲ್ಲಿ ಸೌಮ್ಯ ಕಿಟಕಿ ಪಕ್ಕ ಕೂತಳು. ಅಜ್ಜಿಯ ಕಡೆ ತಿರುಗಿಯೂ ನೋಡಲಿಲ್ಲ. ಟಿಕೆಟ್ ತೆಗೆದುಕೊಳ್ಳಲೆಂದು ಮುನಿಯಕ್ಕ ಏಳಹೋದರೆ ಸೆರಗು ಜಗ್ಗಿತು. ಬಗ್ಗಿ ನೋಡಿದಳು. ಅದರ ತುದಿಯನ್ನು ಸೌಮ್ಯ ಮಡಚಿ ತನ್ನ ತೊಡೆಯಡಿ ಇಟ್ಟುಕೊಂಡಿದ್ದಳು. ಮುನಿಯಕ್ಕ ಅದನ್ನು ಎಳೆದುಕೊಳ್ಳದೆ, ಆ ಕಡೆಗೇ ಸ್ವಲ್ಪ ವಾಲಿಕೊಂಡು ಕೂತಳು.