ತರಗಿಗೆ ಕಡ್ಡಿ ಗೀರುವ ಮುನ್ನ

ಕಬ್ಬು ತುಂಬಿದ ಲಾರಿ ಫ್ಯಾಕ್ಟರಿ ದಾರಿ ಹಿಡಿದ ಮೇಲೆ ನಮ್ಮ ಮದ್ದೂರು ಸೀಮೆಯ ರೈತನಿಗೆ ಗದ್ದೆಯಲ್ಲಿ ಉಳಿಯುವುದು ಒಂದೇ ತಲೆನೋವು. ತರಗು! ಮೊಣಕಾಲುದ್ದ ಬಿದ್ದಿರುವ ಕಬ್ಬಿನ ಒಣಗರಿ. ಬಾಚೋಣ ಅಂದರೆ ಆಳು ಸಿಗಲ್ಲ, ಹಸುವಿಗೆ ಹಾಕೋಣ ಅಂದರೆ ಅದು ಮೂಸಿಯೂ ನೋಡಲ್ಲ. ಒಂದು ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗೀತು. ಆತಗೂರು ಹತ್ತಿರದ ಮಾದಯ್ಯನೂ ಪ್ರತಿವರ್ಷ ಇದನ್ನೇ ಮಾಡುತ್ತಿದ್ದ. ಬೆಂಕಿಪೊಟ್ಟಣ ಅವನ ಅಂಗಿ ಜೇಬಿನಲ್ಲೇ ಇರುತ್ತಿತ್ತು.

ಈ ಸಲ ಅವನಿಗೆ ಇನ್ನೊಂದು ಕಾರಣವೂ ಸಿಕ್ಕಿತ್ತು. ಪಕ್ಕದೂರಿನ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿದೆ ಅನ್ನುವ ಸುದ್ದಿ ಬಂದಿತ್ತು. ಅವತ್ತಿನಿಂದ ಅವನ ಹೆಂಡತಿ ದೇವಿರಮ್ಮನಿಗೆ ಗದ್ದೆ ಕಡೆ ಹೋಗಲು ಕಾಲೇ ಬರುತ್ತಿರಲಿಲ್ಲ. ತರಗು ಸರಕ್ ಅಂದರೆ ಸಾಕು, ಅವಳ ಎದೆ ಧಸಕ್ ಅನ್ನುತ್ತಿತ್ತು.

ಒಂದು ಬೆಳಿಗ್ಗೆ ಶೋಭಿತಾ ಅವರ ಜಗಲಿಗೆ ಬಂದು ಕೂತಳು. ಅದೇ ಊರಿನ ಹುಡುಗಿ, ಓದಿದವಳು, ಈಗ ಸ್ತ್ರೀಶಕ್ತಿ ಸಂಘದವರಿಗೆಲ್ಲ ಬೇಸಾಯದ ವಿಷಯ ಹೇಳಿಕೊಡುವ ಕೃಷಿ ಸಖಿ.

"ಮಾವ, ತರಗಿಗೆ ಬೆಂಕಿ ಇಡಬ್ಯಾಡಿ. ಮುಂದಿನ ವಾರ ಪಿಂಡಿ ಕಟ್ಟೋ ಮಿಷನ್ನು ಬತ್ತದೆ. ಪಿಂಡೀನ ಗೆಜ್ಜಲಗೆರೆ ಕಡೆ ತಕ್ಕಂಡೋಗಿ ಪುಡಿ ಮಾಡಿ, ಒತ್ತಿ ಉಂಡೆ ಮಾಡ್ತಾರೆ. ಫ್ಯಾಕ್ಟ್ರಿ ಬಾಯ್ಲರಿಗೆ ಕಲ್ಲಿದ್ದಲಿನ ಬದಲು ಅದನ್ನ ಆಕ್ತಾರೆ."

ಮಾದಯ್ಯ ನಕ್ಕುಬಿಟ್ಟ. "ಅಲ್ಲ ಕಣಮ್ಮಿ, ಅಲ್ಲೂ ಸುಡೋದೇ ತಾನೆ? ಇಲ್ಲಿ ಸುಟ್ರೆ ಪಾಪ, ಅಲ್ಲಿ ಸುಟ್ರೆ ಪುಣ್ಯವಾ?"

ಕೇಳಿದ್ದು ತಪ್ಪೇನಲ್ಲ. ಬಾಗಿಲಲ್ಲಿ ನಿಂತಿದ್ದ ದೇವಿರಮ್ಮನಿಗೂ ಅದೇ ಅನುಮಾನ ಇತ್ತು.

"ಪಾಪ ಪುಣ್ಯ ಬುಡಿ ಮಾವ. ನಿಮ್ಮ ಗದ್ದೇಲಿ ಸುಟ್ರೆ ಏನ್ ಸಿಕ್ತದೆ? ಬರೀ ಒಗೆ. ಅಲ್ಲಿ ಸುಟ್ರೆ ಕರೆಂಟು ಬತ್ತದೆ, ಫ್ಯಾಕ್ಟ್ರಿ ನಡೀತದೆ, ಅಷ್ಟು ಕಲ್ಲಿದ್ದಲು ಉಳೀತದೆ. ಕಲ್ಲಿದ್ದಲು ಕೋಟ್ಯಂತರ ವರ್ಸದಿಂದ ಭೂಮಿ ಒಳಗೆ ಬಿದ್ದಿರೋದು. ಅದನ್ನ ಎತ್ತಿ ಉರಿಸಿದ್ರೆ ಗಾಳಿಗೆ ಒಸಾ ಒಗೆ ಸೇರ್ತದೆ. ಕಬ್ಬು ಅಂಗಲ್ಲ. ಬೆಳೀವಾಗ ಗಾಳಿಯಿಂದ ಎಳ್ಕಂಡಿದ್ದನ್ನೇ ಉರಿವಾಗ ವಾಪಸ್ ಕೊಡ್ತದೆ, ಮುಂದಿನ ಬೆಳೆ ಮತ್ತೆ ಎಳ್ಕತದೆ."

"ಅಂಗಂದ್ರೆ ಇರೋ ಮರನೆಲ್ಲ ಕಡಿದು ಆ ಬಾಯ್ಲರಿಗೇ ಆಕ್ಬುಡಣ!"

"ಬ್ಯಾಡ ಮಾವ, ಅದೇ ತಪ್ಪು. ಮರ ಕಡಿದ್ರೆ ಮತ್ತೆ ಬೆಳೆಯೋಕೆ ಒಂದು ತಲೆಮಾರು ಬೇಕು. ಬೆಳೆದು ಉಳಿದಿದ್ದನ್ನ ಮಾತ್ರ ಕೊಡಬೇಕು. ಅದೂ ಪೂರ್ತಿ ಅಲ್ಲ. ಒಂದು ಸಾಲು ಬುಟ್ಟು ಒಂದು ಸಾಲಲ್ಲಿ ತರಗು ಅಂಗೇ ಇರ್ಲಿ, ಮಣ್ಣು ತಂಪಾಯ್ತದೆ, ಕಡಿದ ಬುಡದ ಕೂಳೆ ಚೆನ್ನಾಗಿ ಚಿಗುರ್ತದೆ. ಕಲ್ಲಿದ್ದಲಲ್ಲಿ ಕರೆಂಟು ಮಾಡೋ ಕಡೆ ಬೆಳೆ ಉಳಿಕೆ ಉಂಡೇನೂ ಬೆರೆಸಿ ಉರಿಸಿ ಅಂತ ಕೇಂದ್ರ ಸರ್ಕಾರದೋರೇ ನಿಯಮ ಮಾಡವ್ರೆ. ಆ ಕಲ್ಲಿದ್ದಲಿನ ಒಗೆ ಎಚ್ಚಾಗಿ ಕಾಲಕ್ಕೆ ಸರಿಯಾಗಿ ಮಳೆ ಇಲ್ಲ, ಬಿಸಿಲು ನೋಡಿ ಎಂಗಾಗದೆ ಅಂತ. ಸರ್ಕಾರ ಕಾಗದದಲ್ಲಿ ಬರದ್ರೆ ಆಗಲ್ಲ, ತರಗು ಕೊಡೋರು ನಾವೇ ಅಲ್ವಾ?"

"ಸರ್ಕಾರ ಬಂದು ಚಿರತೆ ಓಡಿಸ್ತದಾ? ತರಗು ಇದ್ರೆ ಅದು ಬಂದು ಮಲಗ್ತದೆ" ಅಂದ ಮಾದಯ್ಯ, ಎದ್ದು ಹೊರಟೇಬಿಟ್ಟ. ಚಿರತೆ ಮಾತು ಬಂದರೆ ದೇವಿರಮ್ಮನೂ ಬಾಯಿ ಮುಚ್ಚಿಕೊಳ್ಳುತ್ತಾಳೆ ಅನ್ನುವುದು ಅವನಿಗೆ ಗೊತ್ತು.

ದೇವಿರಮ್ಮ ಶೋಭಿತಾ ಜೊತೆ ಸಂಘದ ಸಭೆಗೆ ಹೋದಳು. ಸಭೆ ಬೇಗ ಮುಗಿಯಿತು. ಮನೆಗೆ ಬಂದರೆ ಹಸು ಅರಚುತ್ತಿತ್ತು, ಮೇವಿಲ್ಲ. ಗದ್ದೆಯ ಆ ತುದಿಯಲ್ಲಿ ಕಡಿದ ಕಬ್ಬಿನ ತುದಿಯ ಹಸಿರು ಗರಿ, ಸೋಗೆ, ಇನ್ನೂ ಒಂದು ಹೊರೆಯಷ್ಟು ಬಿದ್ದಿತ್ತು. ಹೆದರಿಕೆಯಿದ್ದರೂ ಹೋಗದೆ ವಿಧಿಯಿಲ್ಲ. ನಾಲೆ ಏರಿ ಮೇಲಿಂದ ಹೋಗಿ, ಬದುವಿನ ಕೆಳಗೆ ಕೂತು ಸೋಗೆ ಆಯತೊಡಗಿದಳು.

ಸರಸರ ಸದ್ದಾಯಿತು.

ದೇವಿರಮ್ಮ ಕಲ್ಲಾಗಿಬಿಟ್ಟಳು. ಚಿರತೆ ಬಂದರೆ ಕೂಗಬಾರದು, ಅಲ್ಲಾಡಬಾರದು ಅಂತ ಯಾರೋ ಹೇಳಿದ್ದು ನೆನಪಿಗೆ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಸದ್ದು ಹತ್ತಿರವಾಯಿತು. ಸರಸರ ಅನ್ನುತ್ತಿದ್ದದ್ದು ಚಟಚಟ ಆಯಿತು. ಮೂಗಿಗೆ ಹೊಗೆ ಬಡಿದಾಗಲೇ ಅವಳಿಗೆ ತಿಳಿದದ್ದು, ಇದು ಚಿರತೆಯಲ್ಲ.

ಎಡಕ್ಕೆ ಓಡಿದಳು, ಬೆಂಕಿ. ಬಲಕ್ಕೆ ಓಡಿದಳು, ಅಲ್ಲೂ ಬೆಂಕಿ. ಹಿಂದೆ ಆಳೆತ್ತರದ ಉರಿ ಗಾಳಿಗೆ ಬಾಗಿ ಬಾಗಿ ಬರುತ್ತಿತ್ತು. ಕೂಗೋಣ ಅಂದರೆ ಗಂಟಲಲ್ಲಿ ಬರೀ ಕೆಮ್ಮು. "ಸತ್ತೆ ಕಣವ್ವಾ" ಅಂದುಕೊಂಡಳು. ಹಸುವಿಗೆ ಇನ್ನು ಮೇವು ಹಾಕೋರು ಯಾರು ಅನ್ನುವುದು ಆ ಗಳಿಗೆಯಲ್ಲೂ ಮನಸ್ಸಿಗೆ ಬಂತು. ಮುಂದೆ ಮಾತ್ರ ಬೆಂಕಿ ಇರಲಿಲ್ಲ, ಕಣ್ಣು ಕಾಣದಷ್ಟು ಹೊಗೆ ಇತ್ತು. ತಲೆ ತಗ್ಗಿಸಿ ಆ ಹೊಗೆಯೊಳಗೇ ನುಗ್ಗಿದಳು. ಎಡವಿ ಬಿದ್ದಳು, ಎದ್ದಳು, ಹಾರಿ ಬಂದ ಕಿಡಿಗೆ ಸೆರಗು ಹೊತ್ತಿಕೊಂಡಿತು, ಅದನ್ನು ಕಿತ್ತೆಸೆಯುವಾಗ ಅಂಗೈ ಸುಟ್ಟಿತು, ಆದರೂ ಓಡಿದಳು.

ಹೊಗೆಯಾಚೆ ಒಬ್ಬ ಮನುಷ್ಯ ನಿಂತಿದ್ದ. ಅವನ ಕೈಯಲ್ಲಿ ಮಚ್ಚು ಇತ್ತು. ಮಚ್ಚು ಮೇಲೆದ್ದಿತ್ತು.

"ಅಯ್ಯೋ, ನಾನು ಕಣಯ್ಯಾ!"

ಮಚ್ಚು ಅಲ್ಲೇ ನಿಂತಿತು. ಹಿಡಿದಿದ್ದವನು ಮಾದಯ್ಯ. ಸ್ವಲ್ಪ ಮುಂಚೆ ಕಾಲುವೆಯ ಹಸಿ ಮಣ್ಣಿನಲ್ಲಿ ಯಾವುದೋ ಪ್ರಾಣಿಯ ಹೆಜ್ಜೆ ಕಂಡು, ತಕ್ಷಣ ಮೂರು ಕಡೆ ಬೆಂಕಿ ಇಟ್ಟು, ನಾಲ್ಕನೇ ಕಡೆಯಿಂದ ಚಿರತೆ ಈಚೆ ಬರಲಿ ಅಂತ ಕಾದು ನಿಂತಿದ್ದ. ಬೇರೆ ವರ್ಷಗಳಲ್ಲಿ ಬೆಂಕಿ ಇಡುವ ಮುಂಚೆ "ಯಾರಾದ್ರೂ ಇದ್ದೀರೇನ್ರಪ್ಪಾ" ಅಂತ ಒಂದು ಸಲ ಕೂಗುತ್ತಿದ್ದ. ಈ ಸಲ ಚಿರತೆಗೆ ಗೊತ್ತಾಗಬಾರದು ಅಂತ ಕೂಗಿರಲಿಲ್ಲ. ಹೆಂಡತಿ ಇನ್ನೂ ಸಭೆಯಲ್ಲೇ ಇದ್ದಾಳೆ ಅಂದುಕೊಂಡಿದ್ದ.

ಅವನು ಮಚ್ಚು ಬಿಸಾಕಿ ನೆಲಕ್ಕೆ ಕುಸಿದ. ಅವಳನ್ನು ಕಾಲುವೆಗೆ ಕರೆದುಕೊಂಡು ಹೋಗಿ ನೀರಿನಲ್ಲಿ ಕೂರಿಸಬೇಕು ಅನ್ನುವುದು ಹೊಳೆಯುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. "ಕೊಂದೇಬುಡ್ತಿದ್ನಲ್ಲೇ, ಕೊಂದೇಬುಡ್ತಿದ್ನಲ್ಲೇ" ಅಂತ ಒಂದೇ ಮಾತು.

ಕಾಲುವೆ ಬದಿಯ ತೇವಕ್ಕೆ ಬೆಂಕಿ ನಿಂತಿತು. ಅರ್ಧ ಗದ್ದೆ ಕಪ್ಪಾಗಿತ್ತು. ಕೂಳೆಯ ಬುಡಗಳೆಲ್ಲ ಬೆಂದು ಹೋಗಿದ್ದವು. ಚಿರತೆ ಇರಲೇ ಇಲ್ಲ.

ವಿಷಯ ತಿಳಿದು ಶೋಭಿತಾ ಓಡಿ ಬಂದಳು. ದೇವಿರಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂಗೈಗೆ ಪಟ್ಟಿ ಹಾಕಿಸಿ ತಂದಳು. ಒಂದು ಮಾತೂ ಬೈಯಲಿಲ್ಲ. ಮಾದಯ್ಯನೇ ಕೇಳಿದ.

"ಆ ಮಿಷನ್ನು ಯಾವಾಗ ಬತ್ತದೆ ಅಂದೆ?"

"ಮುಂದಿನ ವಾರ ಮಾವ. ಅಕ್ಕಪಕ್ಕದೋರೂ ಸೇರಿದ್ರೆ ಬೇಗ ಬತ್ತದೆ. ಒಬ್ಬರ ಗದ್ದೆಗೆ ಅಂತ ಬರಲ್ಲ."

"ಪಕ್ಕದ ದೊಡ್ಡಸಿದ್ದಯ್ಯಂಗೆ ನಾನೇ ಯೋಳ್ತೀನಿ. ಚಿರತೆ?"

"ಹೆಜ್ಜೆ ಕಂಡ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಣ. ಬೋನು ಅವ್ರು ಇಡ್ತಾರೆ. ನಾವು ಮಚ್ಚು ಇಡ್ಕಂಡು ನಿಲ್ಲಾದು ಬ್ಯಾಡ."

ಮುಂದಿನ ವಾರ ಉಳಿದ ಅರ್ಧ ಗದ್ದೆಗೆ ಮಿಷನ್ನು ಬಂತು. ದೇವಿರಮ್ಮ ನಾಲೆ ಏರಿಯ ಮೇಲೆ ನಿಂತು ನೋಡಿದಳು. ತರಗು ಸರಕ್ ಅಂದಾಗಲೆಲ್ಲ ಅವಳ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಒಂದು ಮುಂಗುಸಿ ಓಡಿತು, ಅಷ್ಟೇ. ಪಿಂಡಿಗಳು ಟ್ರ್ಯಾಕ್ಟರ್ ಏರಿದವು. ಸಾಲು ಬಿಟ್ಟು ಸಾಲಿನಲ್ಲಿ ತರಗು ಮಣ್ಣಿಗೇ ಉಳಿಯಿತು. ಮಾದಯ್ಯ ಬಂದು ಪಕ್ಕದಲ್ಲಿ ನಿಂತು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅವಳ ಪಟ್ಟಿ ಕಟ್ಟಿದ ಕೈಯಲ್ಲಿಟ್ಟ.

"ಇದು ನಿನ್ ತಾವೇ ಇರ್ಲಿ. ದೇವರ ದೀಪಕ್ಕೆ ಬುಟ್ರೆ ಇನ್ಯಾತಕ್ಕೂ ಬ್ಯಾಡ."

ಅಣ್ಣಂದಿರೇ, ಅಕ್ಕಂದಿರೇ, ಕಬ್ಬು ಕಡಿದು ಆಯ್ತಾ? ಹಾಗಾದರೆ ನಿಮ್ಮೂರಿನ ಕೃಷಿ ಸಖಿಯನ್ನೋ, ರೈತ ಸಂಪರ್ಕ ಕೇಂದ್ರದವರನ್ನೋ ಇವತ್ತೇ ಕೇಳಿ, ತರಗು ಪಿಂಡಿ ಕಟ್ಟಿಸುವ ದಾರಿ ಏನು ಅಂತ. ಅಕ್ಕಪಕ್ಕದ ಗದ್ದೆಯವರನ್ನೂ ಸೇರಿಸಿಕೊಳ್ಳಿ. ಅರ್ಧ ಮಣ್ಣಿಗೆ ಬಿಡಿ, ಅರ್ಧ ಕರೆಂಟಿಗೆ ಕೊಡಿ, ಹೊಗೆಗೆ ಮಾತ್ರ ಕೊಡಬೇಡಿ. ಅಷ್ಟಾದರೂ ಕೈ ಬೆಂಕಿಪೊಟ್ಟಣದ ಕಡೆ ಹೋದರೆ, ಒಂದು ಗಳಿಗೆ ನಿಂತು ನಿಮ್ಮ ಮನೆಯವರ ಹೆಸರು ಹಿಡಿದು ಕೂಗಿ. ಗದ್ದೆಯ ಆ ತುದಿಯಲ್ಲಿ ಬದುವಿನ ಕೆಳಗೆ ಯಾರು ಕೂತಿದ್ದಾರೋ ನಿಮಗೆ ಕಾಣುವುದಿಲ್ಲ. ಮಾದಯ್ಯನಿಗೂ ಕಂಡಿರಲಿಲ್ಲ.