ಒಂದು ಗೇಣು ಜಾಗ

ಅವಳ ಕೆಲಸ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು. ಹಾಸಿಗೆ ಹಿಡಿದವರು, ಮೆಟ್ಟಿಲು ಇಳಿಯಲಾರದವರು, ಕೂಸನ್ನು ಬಿಟ್ಟು ಬರಲಾಗದವರು ಲ್ಯಾಬಿಗೆ ಫೋನು ಮಾಡಿದರೆ ಸಾಕು, ಮಾರನೆಯ ಬೆಳಿಗ್ಗೆ ಅವಳು ಸೈಕಲ್ಲಿನಲ್ಲಿ ಹಾಜರು. ಹದಿನೇಳು ವರ್ಷದಿಂದ ಇದೇ ಕೆಲಸ. ಲ್ಯಾಬಿನವರು ಅವಳಿಗೆ ಸೊಳ್ಳೆಯಕ್ಕ ಎಂದು ಹೆಸರಿಟ್ಟಿದ್ದರು. ಅವಳೂ ನಕ್ಕು ಒಪ್ಪಿಕೊಂಡಿದ್ದಳು. ಬಾಗಿಲಲ್ಲಿ ನಿಂತು “ಸೊಳ್ಳೆ ಬಂದಿದೆ” ಎಂದರೆ ಮಕ್ಕಳ ಅರ್ಧ ಅಳು ಅಲ್ಲೇ ನಿಂತುಬಿಡುತ್ತಿತ್ತು. ದಿನಕ್ಕೆ ಎಂಟು ಮನೆ, ಮನೆಗೆ ಹತ್ತು ನಿಮಿಷ. ಹತ್ತಿಯುಂಡೆ ಒತ್ತಿ, “ಕೈ ಮಡಚಿಟ್ಕೊಳ್ಳಿ” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರೆ ಆ ಮನೆಗೂ ಅವಳಿಗೂ ಋಣ ಮುಗಿಯಿತು.

ಅವತ್ತು ಮಂಗಳವಾರ. ಎಲ್ಲ ಮನೆಗಳ ಸ್ಯಾಂಪಲ್ಲನ್ನೂ ಐಸ್ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕ್ಯಾರಿಯರಿಗೆ ಬಿಗಿದು, ಎಂಟೂಕಾಲಿನ ಹೊತ್ತಿಗೆ ಅವಳು ಹೊಳೆಯ ಸೇತುವೆಗೆ ಬಂದಳು. ಅಗಲವಿಲ್ಲದ ಹಳೆಯ ಸೇತುವೆ. ಪಕ್ಕದಲ್ಲಿ ಎದೆಮಟ್ಟದ ಕಬ್ಬಿಣದ ಕಂಬಿ, ಕಂಬಿಗೂ ಟಾರಿಗೂ ನಡುವೆ ಕಾಲಿಡಲೂ ಜಾಗವಿಲ್ಲ. ನಡುವಿಗೆ ಬರುವಷ್ಟರಲ್ಲಿ ಬೆನ್ನಿಗೆ ಬಿಸಿ ಗಾಳಿ ರಾಚಿತು. ಆಮೇಲೆ ಪಕ್ಕದಲ್ಲೆಲ್ಲ ಬಸ್ಸು, ಬಸ್ಸು, ಬಸ್ಸು. ಆ ಹಳದಿ ತಗಡಿನ ಗೋಡೆ ಮುಗಿಯುವಂತೆಯೇ ಕಾಣಲಿಲ್ಲ. ಹ್ಯಾಂಡಲ್ ತಾನಾಗಿಯೇ ಕಂಬಿಯ ಕಡೆ ತಿರುಗಿತು. ಮೊಣಕೈ ಕಬ್ಬಿಣಕ್ಕೆ ಬಡಿಯಿತು, ಸೈಕಲ್ಲು ಅವಳ ಮೇಲೆ ಬಿತ್ತು, ಪೆಟ್ಟಿಗೆ ಬಾಯಿ ತೆರೆಯಿತು. ತಲೆ ಎತ್ತಿದಾಗ ಬಸ್ಸಿನ ಹಿಂಬದಿಯ ಏಳನೇ ನಂಬರು ಮಾತ್ರ ಕಂಡಿತು, ಅದೂ ಚಿಕ್ಕದಾಗುತ್ತಿತ್ತು.

ಹಿಂದೆ ಬಂದ ಕಾರೊಂದು ನಿಂತಿತು. ಕಿಟಕಿ ಇಳಿಯಿತು. “ನೋಡ್ಕೊಂಡು ಓಡಿಸ್ಬಾರ್ದಾ?” ಎಂದು ಹೇಳಿ ಕಿಟಕಿ ಮೇಲೇರಿತು. ಅವಳು ಮಂಡಿಯೂರಿ, ಗಾಜಿನ ಟ್ಯೂಬುಗಳನ್ನು ಒಂದೊಂದಾಗಿ ಆರಿಸಿ ಪೆಟ್ಟಿಗೆಗೆ ತುಂಬಿದಳು. ಮೂರು ಒಡೆದಿದ್ದವು. ಯಾರದೋ ರಕ್ತ ಟಾರಿನ ಮೇಲೆ ಹರಡಿತ್ತು. ತನ್ನದಲ್ಲ ಎಂದು ಖಾತ್ರಿಯಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಲ್ಯಾಬಿನ ಮೇಲ್ವಿಚಾರಕ ಕೆಟ್ಟವನೇನಲ್ಲ. ಆದರೆ ಅವನು ಮೊದಲು ನೋಡಿದ್ದು ಪೆಟ್ಟಿಗೆಯನ್ನು. “ಮೂರು ಹೋಯ್ತಾ? ಛೆ. ನಾಳೆ ಮತ್ತೆ ತಗೊಂಡು ಬಂದ್ಬಿಡಿ ಅಕ್ಕ” ಎಂದ. ಆಮೇಲೆ, “ನಿಮ್ಗೇನೂ ಆಗಿಲ್ವಲ್ಲ?” ಎಂದ.

“ಏನೂ ಆಗಿಲ್ಲ” ಎಂದಳು.

ಅವಳ ಕೋಣೆ ಮೂರನೇ ಮಹಡಿಯಲ್ಲಿ. ಎರಡು ವರ್ಷದ ಹಿಂದಿನವರೆಗೆ ಅಲ್ಲಿ ಅಮ್ಮನೂ ಇದ್ದಳು. ಮಗಳು ಬಾಗಿಲು ತೆಗೆಯುತ್ತಿದ್ದಂತೆ ಅಮ್ಮ ಮಂಚದಿಂದಲೇ “ಇವತ್ತು ದಾರೀಲಿ ಏನಾಯ್ತೇ?” ಎಂದು ಕೇಳುವಳು, ಏನೂ ಆಗದ ದಿನವೂ ಏನಾದರೊಂದು ಹೇಳಲೇಬೇಕಿತ್ತು. ಅಮ್ಮ ಹೋದ ಮೇಲೆ ಅವಳು ಒಲೆಯ ಪಕ್ಕ ನಿಂತೇ ಊಟ ಮುಗಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ಒಬ್ಬಳಿಗೆ ತಟ್ಟೆ ಹಾಕಿಕೊಂಡು ಕೂರುವುದು ಯಾಕೋ ನಾಟಕದಂತೆ ಅನಿಸುತ್ತಿತ್ತು.

ಆ ಸಂಜೆ ಬೇರೆ ಊರಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿದಳು. ಭಾನುವಾರವಲ್ಲದ ದಿನ ಫೋನು ಬಂತೆಂದು ಅಕ್ಕ ಗಾಬರಿಯಾದಳು.

“ಏನೇ, ಏನಾಯ್ತು?”

“ಏನಿಲ್ಲ ಅಕ್ಕ, ಸುಮ್ನೆ.”

“ಅಬ್ಬ! ಜೀವ ಬಾಯಿಗೆ ಬಂದಿತ್ತು. ನನ್ನ ಮಂಡಿ ಕಥೆ ಕೇಳು…” ಎಂದು ಅಕ್ಕ ಶುರು ಮಾಡಿದಳು. ಮಂಡಿ ಮುಗಿದು, ಸೊಸೆಯ ಕಥೆ ಮುಗಿದು, ಕುಕ್ಕರ್ ಕೂಗಿ, ಫೋನು ಕಟ್ಟಾಯಿತು. ಇವಳು ಮೊಣಕೈಗೆ ಮುಲಾಮು ಹಚ್ಚಿಕೊಂಡು, ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಇನ್ನೂರು ನಂಬರಿದ್ದವು. ಅಕ್ಕನದೊಂದು, ಲ್ಯಾಬಿನದೊಂದು ಬಿಟ್ಟರೆ ಎಲ್ಲವೂ ರಕ್ತ ಕೊಟ್ಟವರದು.

ಮಾರನೆಯ ಬೆಳಿಗ್ಗೆ ದರ್ಜಿ ಅಜ್ಜಿಯ ಮನೆಗೆ ಹೋದಳು. ಅಜ್ಜಿಗೆ ಕಾಲಿನಲ್ಲಿ ಬಲವಿಲ್ಲ, ಆದರೂ ಹಾಸಿಗೆಯ ಮೇಲೆ ಕೂತೇ ಊರಿನವರ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಅವಳ ಕೈಯಲ್ಲಿ ನರ ಸಿಗುವುದು ಬಲು ಕಷ್ಟ. ಮೊದಲ ಸಲವೇ ಸಿಕ್ಕರೆ ಆ ದಿನ ಒಳ್ಳೆಯದಾಗುತ್ತದೆಂದು ಇಬ್ಬರೂ ತಮಾಷೆ ಮಾಡುತ್ತಿದ್ದರು.

“ಅಜ್ಜಿ, ಇನ್ನೊಂದ್ಸಲ ಕೈ ಕೊಡ್ಬೇಕು ನೀವು.”

“ನಿನ್ನೆ ತಾನೆ ಹೊಟ್ಟೆ ತುಂಬ ಹೀರ್ಕೊಂಡು ಹೋದ್ಯಲ್ಲೇ ಸೊಳ್ಳೆ!”

“ಲ್ಯಾಬಲ್ಲಿ ಮಿಷನ್ ಕೆಟ್ಟೋಗಿತ್ತು.”

ಅಜ್ಜಿ ಕೈ ಚಾಚಿದಳು. ನರ ಎರಡನೇ ಸಲಕ್ಕೆ ಸೂಜಿಗೆ ಸಿಕ್ಕಿತು. ಅಜ್ಜಿ ಸೂಜಿಯನ್ನು ನೋಡುತ್ತಿರಲಿಲ್ಲ. “ಮಿಷನ್ ಕೆಟ್ರೆ ನಿನ್ನ ಮೊಣಕೈ ಯಾಕೆ ನೀಲಿಗಟ್ಟಿದೆ?” ಎಂದು ಕೇಳಿದಳು.

ಅವಳು ಎಲ್ಲವನ್ನೂ ಹೇಳಿದಳು. ಅಜ್ಜಿ ಅಯ್ಯೋ ಪಾಪ ಎನ್ನಲಿಲ್ಲ. “ಎಷ್ಟು ಹತ್ರ ಬಂದ? ಕೈಯಲ್ಲಿ ತೋರ್ಸು” ಎಂದಳು. ಅವಳು ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ಒಂದು ಗೇಣು ತೋರಿಸಿದಳು. ಅಜ್ಜಿ ಕೊರಳಲ್ಲಿದ್ದ ಟೇಪು ತೆಗೆದು ಆ ಗೇಣಿಗೆ ಹಿಡಿದಳು.

“ಎಂಟೂವರೆ ಇಂಚು. ಮಕ್ಕಳ ಅಂಗಿ ತೋಳಿಗೂ ನಾನು ಇದಕ್ಕಿಂತ ಜಾಸ್ತಿ ಬಟ್ಟೆ ಬಿಡ್ತೀನಿ. ಅವನಿಗೆ ಹೇಳಿದ್ಯಾ?”

“ಯಾರಿಗೆ?”

“ಬಸ್ಸಿನವನಿಗೆ ಕಣೇ! ಊರಿಗೆಲ್ಲ ಹೇಳಿ ಏನು ಬಂತು?”

ಊರಿಗೆಲ್ಲ ಹೇಳಿರಲಿಲ್ಲ, ಅಜ್ಜಿಗೊಬ್ಬಳಿಗೆ ಹೇಳಿದ್ದಳು. ಬಸ್ಸಿನವನಿಗೆ ಹೇಳುವ ಧೈರ್ಯವಂತೂ ಅವಳಿಗಿರಲಿಲ್ಲ. ಸೇತುವೆ ಬಂದರೆ ಇಳಿದು ಸೈಕಲ್ಲು ತಳ್ಳಿಕೊಂಡು ನಡೆಯತೊಡಗಿದಳು. ನಡೆದರೂ ಹಾರನ್ನು ತಪ್ಪಲಿಲ್ಲ. ಹಿಂದಿನಿಂದ ಬರುವುದು ಬೈಕೋ, ಲಾರಿಯೋ, ಬಸ್ಸೋ ಎಂದು ಸದ್ದಿನಲ್ಲೇ ಗುರುತಿಸುವುದು ಬಂತು. ಬಸ್ಸಾದರೆ ಕಂಬಿಗೆ ಬೆನ್ನು ಹಚ್ಚಿ ನಿಂತುಬಿಡುವಳು. ಲ್ಯಾಬಿಗೆ ತಡವಾಗತೊಡಗಿತು. ಮೇಲ್ವಿಚಾರಕ ಎರಡು ಸಲ ಗಡಿಯಾರ ನೋಡಿದ, ಮೂರನೇ ಸಲ ಬಾಯಿ ಬಿಟ್ಟು ಹೇಳಿದ. ಹದಿನೆಂಟು ದಿನ ಹೀಗೇ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಅವಳು ಸೈಕಲ್ಲನ್ನು ಬಸ್ ಡಿಪೋದ ಕಡೆ ತಿರುಗಿಸಿದಳು.

ಟೈಮ್ ಬರೆಯುವ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. “ಕಂಪ್ಲೇಂಟಾ?”

“ಅಲ್ಲ. ಮಾತಾಡ್ಬೇಕು ಅಷ್ಟೆ.”

ಅವನಿಗೆ ಅದಕ್ಕೆ ಯಾವ ಫಾರಂ ಕೊಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಬಸ್ಸಿನ ನಂಬರನ್ನೂ ದಿನವನ್ನೂ ಕೇಳಿ, ಪುಸ್ತಕ ತಿರುವಿ, ಅಂಗಳದ ಮೂಲೆಯಲ್ಲಿ ಬುತ್ತಿಡಬ್ಬಿ ತೊಳೆಯುತ್ತಿದ್ದ ಒಬ್ಬನನ್ನು ತೋರಿಸಿದ. ದಪ್ಪ ಆಳು, ನರೆತ ಮೀಸೆ. ಅವಳು ದಿನವನ್ನೂ ಹೊತ್ತನ್ನೂ ಹೇಳಿ, ನಡೆದದ್ದನ್ನು ಹೇಳಿದಳು. ಅವನು ಡಬ್ಬಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದು, ಪ್ರಾಮಾಣಿಕವಾಗಿ ಯೋಚಿಸಿದ.

“ಸೇತುವೆ ಮೇಲಾ? ಮಂಗಳವಾರನಾ? ನೆನಪೇ ಇಲ್ಲಮ್ಮ.”

ಅವನು ಜಗಳ ಮಾಡುತ್ತಾನೆ, ಸುಳ್ಳು ಹೇಳುತ್ತಾನೆ, ತಪ್ಪಾಯಿತು ಎನ್ನುತ್ತಾನೆ ಎಂದೆಲ್ಲ ಅಂದುಕೊಂಡು ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು. ನೆನಪೇ ಇಲ್ಲ ಎನ್ನಬಹುದೆಂದು ಮಾತ್ರ ಎಣಿಸಿರಲಿಲ್ಲ. ಹದಿನೆಂಟು ದಿನ ಆ ಒಂದು ಗಳಿಗೆಯ ಜೊತೆಗೇ ಉಂಡು ಮಲಗಿದ್ದಳು. ಅವನ ಪಾಲಿಗೆ ಅದು ನಡೆದೇ ಇರಲಿಲ್ಲ. ಕಂಬಿಗೆ ಬಡಿದುಕೊಂಡು ಬಿದ್ದಾಗಲೂ ಅವಳಿಗೆ ತಾನು ಇಷ್ಟು ಒಂಟಿ ಎನ್ನಿಸಿರಲಿಲ್ಲ.

“ನಾನು ಯಾವಾಗ್ಲೂ ಜಾಗ ಬಿಟ್ಟೇ ಹೋಗೋದು” ಎಂದ ಡ್ರೈವರ್. “ಬನ್ನಿ, ನನ್ನ ಸೀಟಲ್ಲಿ ಕೂತು ನೋಡಿ. ನಿಮ್ಗೇ ಗೊತ್ತಾಗತ್ತೆ.”

ಹತ್ತಿ ಕೂತಳು. ಅಲ್ಲಿಂದ ಎಲ್ಲವೂ ವಿಶಾಲವಾಗಿತ್ತು. ಗೋಡೆಗೆ ಒರಗಿಸಿದ್ದ ಅವಳ ಸೈಕಲ್ಲು ಯಾರೋ ಮಗು ಮರೆತುಹೋದ ಆಟಿಕೆಯ ಹಾಗಿತ್ತು. ಬಸ್ಸು ಇನ್ನೆರಡು ಮಾರು ಮುಂದೆ ನಿಂತಿದ್ದರೆ ಅದೂ ಕಾಣುತ್ತಿರಲಿಲ್ಲ.

“ಹೌದು, ಇಲ್ಲಿಂದ ಬೇಕಾದಷ್ಟು ಜಾಗ ಇದೆ ಅನ್ಸತ್ತೆ” ಎಂದು ಒಪ್ಪಿಕೊಂಡಳು. ಕೆಳಗಿಳಿದು, “ಈಗ ನೀವು ನನ್ನ ಸೀಟಲ್ಲಿ ಕೂತ್ಕೊಳ್ಳಿ” ಎಂದಳು.

ಅವನು ನಕ್ಕ. ಅವಳು ನಗಲಿಲ್ಲ. ಅಷ್ಟರಲ್ಲಿ ಸುತ್ತ ಸೇರಿದ್ದ ಡಿಪೋದವರೆಲ್ಲ “ಹತ್ತು ಮಾವ, ಹತ್ತು!” ಎಂದು ಹುರಿದುಂಬಿಸಿದರು. ಅವನು ಗೋಡೆಯ ಪಕ್ಕ ಸೈಕಲ್ಲು ಏರಿ, ಒಂದು ಕೈ ಗೋಡೆಗೆ ಊರಿ ಕೂತ. ಹ್ಯಾಂಡಲ್ಲಿನಿಂದ ಒಂದು ಗೇಣು ಬಿಟ್ಟು ಅವಳು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಎಲ್ಲರೂ ಕುಳ್ಳ ಎಂದು ಕರೆಯುವ ಇನ್ನೊಬ್ಬ ಡ್ರೈವರ್, ಗೆರೆ ಮುಟ್ಟದ ಹಾಗೆ, ಹಿಂದಿನಿಂದ ಬಸ್ಸು ತಂದ.

ಬಸ್ಸು ಹೋಯಿತು. ಧೂಳು ಕೆಳಗಿಳಿದಾಗ ಮೀಸೆಯ ಡ್ರೈವರ್ ಕಣ್ಣು ಮುಚ್ಚಿಕೊಂಡಿದ್ದ. ಮೈಯೆಲ್ಲ ಗೋಡೆಗೆ ಅಂಟಿ, ಅಂಗಿಯ ಒಂದು ತೋಳು ಸುಣ್ಣದಿಂದ ಬೆಳ್ಳಗಾಗಿತ್ತು. ಯಾರೂ ನಗಲಿಲ್ಲ.

“ಇಷ್ಟೇನಾ ನಾನು ಬಿಟ್ಟಿದ್ದು?”

“ಇಷ್ಟೇ.”

“ಕುಳ್ಳ ಬಂದಿದ್ದು ಇಪ್ಪತ್ತರ ಸ್ಪೀಡಲ್ಲಿ. ನಾನು ಸೇತುವೆ ಮೇಲೆ…” ಎಂದು ನಿಲ್ಲಿಸಿದ. ಕೆಳಗಿಳಿದು ಸೈಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೊಪ್ಪಿಸಿದ. “ಬುಧವಾರ ಎಲ್ಲಾ ಡ್ರೈವರ್‌ಗಳೂ ಇರ್ತಾರೆ. ಸೈಕಲ್ ತಗೊಂಡು ಬರ್ತೀರಾ ಅಮ್ಮ?”

ಬುಧವಾರ ಮಧ್ಯಾಹ್ನ ಹದಿಮೂರು ಜನ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಗೋಡೆಯ ಪಕ್ಕ ಕೂತರು. ಒಬ್ಬ ದೇವರೇ ಎಂದ, ಒಬ್ಬ ಕೆಟ್ಟದಾಗಿ ಬೈದು ಆಮೇಲೆ ಅವಳ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ಕಾಲು ಉದ್ದವಿದ್ದವನೊಬ್ಬ ಸ್ಪ್ಯಾನರ್ ತರಿಸಿ ಸೀಟು ಎತ್ತರ ಮಾಡಿಕೊಂಡ. ಇಬ್ಬರು, ಇದೆಲ್ಲ ನಮಗೆ ಬೇಕಾಗಿಲ್ಲ, ಸೈಕಲ್ಲಿನವರು ಮೊದಲು ರಸ್ತೆ ಬಿಡಲಿ ಎಂದು ಕೂರದೆಯೇ ಹೋದರು. ಮೀಸೆಯವನು ಅವಳಿಗೆ ಚಹಾ ತಂದುಕೊಟ್ಟ. ಗೆರೆ ಅಳಿಸಿಹೋದಾಗಲೆಲ್ಲ ಅವಳು ಮತ್ತೆ ಎಳೆದಳು. ಅಷ್ಟು ಜನರ ನಡುವೆ, ಅಷ್ಟು ಹೊತ್ತು ಅವಳು ನಿಂತು ಎಷ್ಟೋ ವರ್ಷಗಳಾಗಿದ್ದವು. ಸೂಜಿ ಹಿಡಿಯದೆ ನಿಂತದ್ದಂತೂ ನೆನಪೇ ಇರಲಿಲ್ಲ.

ನಾಲ್ಕಕ್ಕೆ ಡಿಪೋದ ಗಂಟೆ ಹೊಡೆಯಿತು. ಎಲ್ಲರೂ ತಮ್ಮ ತಮ್ಮ ಬಸ್ಸಿಗೆ ಓಡಿದರು. ಮೀಸೆಯವನು ಸ್ಟೇರಿಂಗಿನ ಹಿಂದಿನಿಂದ ಕೈ ಎತ್ತಿದ. ಒಂದಾದಮೇಲೊಂದು ಬಸ್ಸು ಗೇಟು ದಾಟಿ, ಕೊನೆಗೆ ಅಂಗಳದಲ್ಲಿ ಎಣ್ಣೆಯ ಕಲೆಗಳು, ಸೀಮೆಸುಣ್ಣದ ಗೆರೆ ಮತ್ತು ಅವಳು ಉಳಿದರು. ಸೀಟು ಇನ್ನೂ ಆ ಉದ್ದಕಾಲಿನವನ ಅಳತೆಗೇ ಇತ್ತು. ಸ್ಪ್ಯಾನರ್ ಹುಡುಕಿ, ಅದನ್ನು ಇಳಿಸಿ ಬಿಗಿ ಮಾಡಿಕೊಂಡು ಹೊರಟಳು.

ಸೇತುವೆಯ ಬುಡದಲ್ಲಿ ಅವಳು ಇಳಿಯಲಿಲ್ಲ. ಕಂಬಿಗೆ ಅಂಟದೆ, ರಸ್ತೆಯ ಒಂದು ಮಾರು ಒಳಗೆ ಸೈಕಲ್ಲು ತುಳಿದಳು. ಏಳನೇ ನಂಬರಿನ ಬಸ್ಸೊಂದು ಹಿಂದೆ ಬಂದು, ಎದುರಿನ ದಾರಿ ಖಾಲಿಯಾಗುವವರೆಗೂ ಹಾರನ್ನು ಮಾಡದೆ ಕಾದು, ಅಗಲಕ್ಕೆ ತಿರುಗಿ ದಾಟಿಹೋಯಿತು. ಅದರ ಬೆನ್ನಿಗೇ ಎಲ್ಲಿಯದೋ ಮರಳಿನ ಲಾರಿಯೊಂದು ಕಿವಿ ಒಡೆಯುವಂತೆ ಕೂಗುತ್ತಾ ಅವಳ ತೋಳನ್ನು ಸವರಿಕೊಂಡೇ ಹೋಯಿತು. ಲಾರಿಗಳಿಗೆ ಡಿಪೋ ಇಲ್ಲ. ಅವನನ್ನು ಎಲ್ಲಿ ಹುಡುಕಿ, ಯಾವ ಗೋಡೆಯ ಪಕ್ಕ ಕೂರಿಸುವುದು? ಹ್ಯಾಂಡಲ್ಲು ನಡುಗಿತು, ಕಂಬಿಯ ಕಡೆ ತಿರುಗಲು ನೋಡಿತು. ಅವಳು ಹಲ್ಲು ಕಚ್ಚಿ ಅದನ್ನು ನೇರಕ್ಕೆ ಹಿಡಿದು, ಸೇತುವೆಯ ಆಚೆ ದಡದವರೆಗೂ ತುಳಿದಳು.